ಹತ್ತಿಯ ತಕ್ಕಡಿಯಲ್ಲಿ ಕೂತ ಪೈಲ್ವಾನರು

ಕುಕನೂರಿನ ನಮ್ಮ ಗರಡಿ ಮನೆಗೆ ಬೀಗ ಬಿದ್ದದ್ದು ನನ್ನಿಂದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆ ಬೀಗ ತೆಗೆಸಿದ್ದರಲ್ಲಿ ನನ್ನ ಪಾಲೂ ಇತ್ತು ಎಂದು ಮುಂದೆ ಹೇಳುವಾಗ, ಬಡಾಯಿ ಕೊಚ್ಚುತ್ತಾನೆ ಎಂದು ಯಾರೂ ಅನ್ನಬಾರದು.

ನಾನು ಸಾಲಿಗೆ ಹೋದದ್ದು ಮೂರೇ ವರ್ಷ. ಆಗ ನಮ್ಮದು ನಿಜಾಮರ ಸೀಮೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಉರ್ದು. ಮಾಸ್ತರರ ಮಾತು ನನ್ನ ತಲೆಗೆ ಹತ್ತುವ ಮೊದಲೇ ನನ್ನ ಬೆನ್ನಿನ ಅಗಲ ಹತ್ತಿ ಪೇಟೆಯವರ ಕಣ್ಣಿಗೆ ಬಿತ್ತು. ಮೀಸೆ ಮೂಡುವ ಮೊದಲೇ ಹಮಾಲಿಗೆ ನಿಂತೆ. ಕನ್ನಡ ಅಕ್ಷರ ಕೂಡಿಸಿ ಓದಲು ಕಲಿತದ್ದು ಆಮೇಲೆ, ಮಠದ ಕಟ್ಟೆಯ ಮೇಲೆ ಪುರಾಣ ಓದುವವರ ಹೆಗಲ ಮೇಲಿಂದ ಇಣುಕಿ ಇಣುಕಿ. ಇದನ್ನು ನಾಚಿಕೆಪಟ್ಟು ಹೇಳುತ್ತಿಲ್ಲ. ತುಂಬಿದ ಹತ್ತಿಯ ಅಂಡಿಗೆಯನ್ನು ಯಾರ ಕೈಯೂ ಹಚ್ಚಿಸಿಕೊಳ್ಳದೆ ಬಂಡಿಗೆ ಏರಿಸುವವರು ಇಡೀ ಪೇಟೆಯಲ್ಲಿ ಇಬ್ಬರಿದ್ದೆವು. ಇನ್ನೊಬ್ಬನಿಗೆ ಆಗಲೇ ವಯಸ್ಸಾಗಿತ್ತು.

ಹಮಾಲಿ ಹೊಟ್ಟೆಗೆ. ಮಾನಕ್ಕೆ ಗರಡಿ. ಕುಸ್ತಿ ಕಲಿಸುವ ನಮ್ಮ ವಸ್ತಾದರು ಕಂಬಾರರು. ಹಗಲೆಲ್ಲ ಕುಲುಮೆಯ ಮುಂದೆ ಕೂತು ನೇಗಿಲ ಕುಡ, ಕುಡಗೋಲು ಬಡಿಯುತ್ತಿದ್ದರು. ಮುಂಜಾನೆ ಮಾತ್ರ ಗರಡಿಯಲ್ಲಿ ನಮ್ಮನ್ನು ಬಡಿಯುತ್ತಿದ್ದರು. ಕುಸ್ತಿಯ ಮಣ್ಣಿಗೆ ನಾವು ಮಟ್ಟಿ ಅನ್ನುತ್ತೇವೆ. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಷಿಣ, ಬೇವಿನ ಸೊಪ್ಪು ಕಲಸಿ ದಿನಾಲೂ ಕಡಿದು ಮಗುಚಬೇಕು. ಮಗುಚದೆ ಬಿಟ್ಟ ಮಟ್ಟಿ ಎಂಟು ದಿನಕ್ಕೆ ಗಟ್ಟಿಯಾಗುತ್ತದೆ. ಕುಸ್ತಿಗೆ ಮೊದಲು ಇಬ್ಬರೂ ಒಂದೊಂದು ಹಿಡಿ ಮಣ್ಣು ತೆಗೆದು ಒಬ್ಬರ ಹೆಗಲಿಗೆ ಒಬ್ಬರು ಹಾಕುವುದು ನಮ್ಮಲ್ಲಿಯ ಪದ್ಧತಿ. ವಸ್ತಾದರು ಅದಕ್ಕೆ ಒಂದೇ ಮಾತು ಹೇಳುತ್ತಿದ್ದರು: “ಮಣ್ಣು ಹಾಕಿದ ಮ್ಯಾಲೆ ಸೋಲಬಹುದು, ಸುಳ್ಳಾಡಬಾರದು.”

ನಾನು ಸುಳ್ಳಾಡಿದೆ.

ದೊಡ್ಡ ಯುದ್ಧ ಶುರುವಾಗಿ ಎರಡು ವರ್ಷವಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಎಲ್ಲಿ ನೋಡಿದರೂ ಕುಸ್ತಿಗೆ ಮಂದಿ ಕಡಿಮೆಯಾಗಿತ್ತು. ಗಂಗಾವತಿಯಲ್ಲಿ ಡೇರೆ ಸಿನಿಮಾ ಬಂದದ್ದು ಒಂದು ಕಾರಣ ಅನ್ನುತ್ತಿದ್ದರು. ಇರಬಹುದು. ನನಗೆ ಗೊತ್ತಿದ್ದ ಕಾರಣ ಬೇರೆ. ಜೋಡಿ ಕಟ್ಟುವ ಹಿರಿಯರು ಕೋಣಕ್ಕೆ ಆಡು ಕಟ್ಟಿದ ಹಾಗೆ ಯಾರಿಗೋ ಯಾರನ್ನೋ ಕಟ್ಟುತ್ತಿದ್ದರು. ಸಣ್ಣವನು ಪೆಟ್ಟು ತಪ್ಪಿಸಿಕೊಳ್ಳಲು, ದೊಡ್ಡವನು ಹೆಸರು ಉಳಿಸಿಕೊಳ್ಳಲು, ಹಿಂದಿನ ದಿನವೇ ಮಾತಾಡಿಕೊಂಡು ಬರುತ್ತಿದ್ದರು. ಗಳಿಗೆ ಹೊತ್ತು ಹೊರಳಾಡುವುದು, ಬರಾಬರಿ ಅನ್ನಿಸಿಕೊಂಡು ಎದ್ದು ಹೋಗುವುದು. ನೋಡುವವನೇನು ಕುರುಡನೇ?

ಆ ವರ್ಷ ನಮ್ಮೂರಲ್ಲಿ ನೆರೆಯೂರು ತಳಕಲ್ಲಿನ ಒಬ್ಬ ರೈತನಿಗೂ ನನಗೂ ಕುಸ್ತಿ ಗೊತ್ತಾಯಿತು. ನಾನು ಎರಡು ವರ್ಷದಿಂದ ಬೆನ್ನು ಮಣ್ಣಿಗೆ ಹಚ್ಚಿರಲಿಲ್ಲ. ಅವನು ಮಾತು ಕಡಿಮೆಯ ಆಳು, ಕುತ್ತಿಗೆ ಮಾತ್ರ ಎತ್ತಿನದು. ಅವನು ಎಲಬುರ್ಗಿಯಲ್ಲಿ ಒಬ್ಬನನ್ನು ಎತ್ತಿ ಒಗೆದದ್ದನ್ನು ನೋಡಿ ಬಂದ ದಿನದಿಂದ ನನಗೆ ರೊಟ್ಟಿ ಸರಿಯಾಗಿ ಇಳಿಯುತ್ತಿರಲಿಲ್ಲ. ಅದಕ್ಕೆ ಹೆದರಿಕೆ ಎಂಬ ಹೆಸರು ನಾನು ಆಗ ಕೊಡಲಿಲ್ಲ. ಕುಸ್ತಿಯ ಹಿಂದಿನ ದಿನ ನಾನೇ ನಡೆದು ತಳಕಲ್ಲಿಗೆ ಹೋದೆ. ಅವನು ಬಾವಿಯ ಹತ್ತಿರ ಎತ್ತಿಗೆ ನೀರು ಕುಡಿಸುತ್ತಿದ್ದ.

“ಬರಾಬರಿ ಮಾಡೂಣು. ನಿನ್ನ ಹೆಸರೂ ಉಳೀತೈತಿ, ನನ್ನ ಹೆಸರೂ ಉಳೀತೈತಿ” ಅಂದೆ.

ಅವನು ಎತ್ತಿನ ಬೆನ್ನು ಸವರಿದ. “ನಂದೇನ ಹೆಸರಿಲ್ಲಪಾ ಉಳಿಸ್ಕೊಳ್ಳಾಕ” ಅಂದ. “ಆದ್ರ ನೀ ಇಷ್ಟು ದೂರ ನಡಕೊಂತ ಬಂದೀದಿ. ಆಗಲಿ.”

ಮರುದಿನ ನಾವು ಹೆಗಲಿಗೆ ಮಣ್ಣು ಹಾಕಿಕೊಂಡೆವು. ಹಲಗಿ ಬಾರಿಸಿದರು. ಹಿಡಿದೆವು, ತಳ್ಳಿದೆವು, ಹೊರಳಿದೆವು. ನಾನು ಅವನ ಕಿವಿಯಲ್ಲಿ “ಮೆಲ್ಲಕ, ಮೆಲ್ಲಕ” ಅಂದದ್ದು ಯಾರಿಗೂ ಕೇಳಿಸಿರಲಿಕ್ಕಿಲ್ಲ. ಆದರೆ ತುಟಿ ಅಲ್ಲಾಡಿದ್ದು ಕಂಡಿತು. ಬದನೆಕಾಯಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು:

“ಏನ್ರಪಾ, ಕುಸ್ತಿ ಆಡಾಕತ್ತೀರೋ, ಬೀಗತನ ಮಾತಾಡಾಕತ್ತೀರೋ? ಹೆಣ್ಣು ಯಾರದು, ಗಂಡು ಯಾರದು ಅದನ್ನರ ಹೇಳ್ರಿ!”

ಒಬ್ಬನು ನಕ್ಕ, ನೂರು ಮಂದಿ ನಕ್ಕರು. ಬರಾಬರಿ ಎಂದು ಸಾರುವ ಹೊತ್ತಿಗೆ ಅರ್ಧ ಮಂದಿ ಸಂತೆಗೆ ಹೊರಟುಹೋಗಿದ್ದರು. ವಸ್ತಾದರು ನಗಲಿಲ್ಲ, ಬೈಯಲಿಲ್ಲ. ತಮ್ಮ ಕೈಯಲ್ಲೇ ಬಡಿದು ಮಾಡಿದ ಒಂದು ಬೀಗ ತಂದು ಗರಡಿಯ ಬಾಗಿಲಿಗೆ ಹಾಕಿದರು. ಕೀಲಿಯನ್ನು ಕುಲುಮೆಯ ಗೋಡೆಗೆ, ಹೋಗುವವರು ಬರುವವರೆಲ್ಲ ಕಾಣುವ ಹಾಗೆ ಮೊಳೆ ಹೊಡೆದು ತೂಗಿಹಾಕಿದರು.

ನನ್ನ ದಾರಿ ದಿನಾಲೂ ಅದೇ ಕುಲುಮೆಯ ಮುಂದೆ. “ಶರಣ್ರಿ ವಸ್ತಾದ್ರ” ಅಂದರೆ ಅವರು ಕಬ್ಬಿಣಕ್ಕೆ ಒಂದು ಪೆಟ್ಟು ಜಾಸ್ತಿ ಕೊಡುತ್ತಿದ್ದರು. ಅಷ್ಟೇ ಉತ್ತರ. ಕಡೆಗೆ ಒಂದು ದಿನ ನಾನು ಅಲ್ಲಿಯೇ ನೆಲಕ್ಕೆ ಕೂತುಬಿಟ್ಟೆ.

“ತಪ್ಪಾಗೇತ್ರಿ. ಕೀಲಿ ಕೊಡ್ರಿ. ನಾನ ಮಟ್ಟಿ ಕಡೀತೀನಿ, ನಾನ ಎಣ್ಣಿ ತರ್ತೀನಿ.”

ಅವರು ಇಕ್ಕಳ ಕೆಳಗಿಟ್ಟರು. “ಬೀಗ ತೆಗ್ಯಾದು ನನ್ನ ಕೈಯಾಗ ಇಲ್ಲ. ಕುಸ್ತಿ ಅಂದ್ರ ಊರು ನಗಾಕತ್ತೈತಿ. ನಗೂದು ನಿಂತ ದಿವಸ ಕೀಲಿ ಕೇಳು. ಅಲ್ಲೀತನಕಾ ನನ್ನ ಕೂಡ ಮಾತಾಡಬ್ಯಾಡ.”

ನಾನು ಎಂಥ ಭಾರವನ್ನಾದರೂ ಎತ್ತಬಲ್ಲೆ ಎಂದುಕೊಂಡಿದ್ದವನು. ಒಂದು ಊರಿನ ನಗೆಯನ್ನು ಎಲ್ಲಿ ಕೈ ಹಾಕಿ ಎತ್ತಬೇಕು? ಒಂದೂವರೆ ವರ್ಷ ಹೀಗೇ ಹೋಯಿತು. ಗರಡಿಯ ಆಳುಗಳು ಚದುರಿದರು. ಹಮಾಲರು ಬೇಸರಕ್ಕೆ ಚೌಕಾಬಾರ ಆಡುತ್ತ ಕೂತರು. ಇಷ್ಟಿಷ್ಟಕ್ಕೂ “ಬೀಗರು ಬಂದ್ರು” ಎಂದು ನನ್ನನ್ನು ಕಾಡಿಸುವುದು ಪೇಟೆಯಲ್ಲಿ ರೂಢಿಯೇ ಆಯಿತು.

ಅಂಥ ಹೊತ್ತಿನಲ್ಲಿ ನಮ್ಮ ಓಣಿಯವನೇ ಒಬ್ಬ ದಂಡಿನಿಂದ ತಿರುಗಿ ಬಂದ. ಅಲ್ಲಿ ಹೇಸರಗತ್ತೆ ನೋಡಿಕೊಳ್ಳುವ ಕೆಲಸ. ಒಂದು ಹೇಸರಗತ್ತೆ ಮೊಣಕಾಲಿಗೆ ಒದ್ದದ್ದಕ್ಕೆ ಮನೆಗೆ ಕಳಿಸಿದ್ದರು. ಊರು ಅವನಿಗೆ ಫೌಜಿ ಎಂದು ಹೆಸರಿಟ್ಟಿತು. ಅವನ ಟ್ರಂಕಿನಲ್ಲಿ ತೊಗಲಿನ ದಪ್ಪ ಗವಸಿನ ಒಂದು ಜೋಡಿ ಇತ್ತು. ಒಂದೊಂದು ಗವಸೂ ಸಣ್ಣ ಸೋರೆಕಾಯಿಯಷ್ಟು.

“ಬಿಳೇ ಸೋಲ್ಜರ್ರು ಇದನ್ನ ಕೈಗೆ ಹಾಕ್ಕೊಂಡು ಗುದ್ದಾಡ್ತಾರ. ಬಾಕ್ಸಿಂಗ್ ಅಂತಾರ ಅದಕ್ಕ” ಅಂದ ಫೌಜಿ. “ನೋಡಾಕ ಸಾವಿರ ಮಂದಿ. ಸೂಜಿ ಬಿದ್ರ ಕೇಳಬೇಕು, ಹಂಗ ಕೂತಿರ್ತಾರ.”

“ನಗಂಗಿಲ್ಲೇನು?”

“ಯಾಕ ನಗ್ತಾರ? ಆದ್ರ ಅವರ ದೇಶದಾಗೂ ಒಂದೊಂದು ಕಡೆ ಅದು ಬಿದ್ದುಹೋಗೇತಂತ. ನಮ್ಮ ದಂಡಿನಾಗ ಒಬ್ಬ ಬಿಳೇ ಸಾರ್ಜಂಟ್ ಇದ್ದ, ಮೂಗು ಬಡದ ರೊಟ್ಟಿ ಆಗಿತ್ತು. ಹರಕು ಮುರುಕು ಹಿಂದೂಸ್ತಾನಿ ಮಾತಾಡ್ತಿದ್ದ. ಅವನ ಊರಾಗ ಒಳಗಿಂದೊಳಗ ಮಾತಾಡಿಕೊಂಡು ಗುದ್ದಾಡೂದು ಜಾಸ್ತಿ ಆಗಿ, ಮಂದಿ ಬೇಸತ್ತು ಸಿನಿಮಾಕ್ಕ ಹೋದ್ರಂತ. ಯುದ್ಧ ಮುಗದ ಮ್ಯಾಲೆ ಹೋಗಿ ಮತ್ತ ಎಬ್ಬಸ್ತೀನಿ ಅಂತಿದ್ದ.”

ಏಳು ಸಮುದ್ರದ ಆಚೆಗೂ ನನ್ನಂಥವರು ಇದ್ದರಲ್ಲ! “ಹೆಂಗ ಎಬ್ಬಸ್ತಾನಂತ?” ಅಂದೆ.

“ತೂಗಿ.”

“ಏನ ತೂಗಿ?”

“ಮನಿಷ್ಯಾನ್ನ! ಗುದ್ದಾಡೂದಕ್ಕ ಮೊದಲು ತಕ್ಕಡಿಗೆ ನಿಲ್ಲಸ್ತಾರ. ತೂಕ ಸರಿ ಬಂದ್ರ ಜೋಡಿ, ಇಲ್ಲಾಂದ್ರ ಇಲ್ಲ. ಜೋಡಿ ಸರಿ ಇತ್ತಂದ್ರ ಒಳಗ ಮಾತಾಡಿಕೊಳ್ಳೂ ಜರೂರಿ ಬೀಳಂಗಿಲ್ಲ ಅಂತಿದ್ದ ಸಾರ್ಜಂಟ್.”

ತಕ್ಕಡಿ ನಮ್ಮಲ್ಲಿ ಇತ್ತು. ನಾನು ಹಮಾಲಿ ಮಾಡುತ್ತಿದ್ದ, ರೈತರ ಮಾಲು ತೂಗಿ ಮಾರಿಸುವ ಅಡತಿ ಅಂಗಡಿಯ ಅಂಗಳದಲ್ಲಿ, ಮೂರು ಬೊಂಬಿನ ಕೆಳಗೆ ಸರಪಳಿ ಕಟ್ಟಿ ಇಳಿಬಿಟ್ಟ ದೊಡ್ಡ ತಕ್ಕಡಿ. ಒಂದೊಂದು ತಟ್ಟೆ ಬಾಗಿಲ ಹಲಗೆಯಷ್ಟು ಅಗಲ. ಅಂಗಡಿಯ ಸಾವಕಾರರು ನನ್ನ ಮಾತು ಕೇಳಿ ಮೊದಲು ಎಲೆಯಡಿಕೆ ಉಗುಳಿದರು, ಆಮೇಲೆ ನಕ್ಕರು. “ಪೈಲ್ವಾನ್ರನ್ನ ತೂಗಾಕ ಇದೇನ ಹತ್ತ್ಯೋ, ಮೆಣಸಿನಕಾಯೋ? ಆಗಲಿ, ಸಂತಿ ದಿವಸ ತೂಗ್ರಿ. ನಾಲ್ಕು ಮಂದಿ ನನ್ನ ಅಂಗಡಿಗೆ ಬಂದಂಗರ ಆಕ್ಕೈತಿ.”

ಸಂತೆಯ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ದಾರಿ ತೋರಿಸಲು ಮೊದಲು ಫೌಜಿ ತಟ್ಟೆಯ ಮೇಲೆ ಕೂತ. ನಾನು ಇನ್ನೊಂದು ತಟ್ಟೆಗೆ ತೂಕದ ಕಬ್ಬಿಣದ ಗುಂಡು ಎತ್ತಿಡುವಷ್ಟರಲ್ಲಿ ಹಿಂದಿನಿಂದ ಒಬ್ಬ ರೈತ ಕೂಗಿದ: “ಆ ಗುಂಡು ಬ್ಯಾಡ್ರಿ! ಕೊಳ್ಳಾಕೊಂದು, ಮಾರಾಕೊಂದು ಇರ್ತಾವು. ಮುಂಜಾನೆ ತೂಗಿದ ಪೈಲ್ವಾನ ಸಂಜಿಗೆ ಅರ್ಧ ಆಗ್ಯಾನ!”

ಪೇಟೆಯೆಲ್ಲ ಹೋ ಎಂದು ನಕ್ಕಿತು. ಸಾವಕಾರರ ಮುಖ ಮೆಣಸಿನಕಾಯಿಯಾಯಿತು. “ಗುಂಡು ಬ್ಯಾಡಂದ್ರ ಬಿಡ್ರಿ. ಒಳಗಿಂದ ಜ್ವಾಳ ತರ್ರಿ, ಕಾಳಿನಾಗ ತೂಗ್ರಿ. ಕಾಳು ಸುಳ್ಳ ಹೇಳತೈತೇನು?”

ಸಿಟ್ಟಿನಲ್ಲಿ ಹೇಳಿದ ಆ ಮಾತು ಎಂಥ ತಪ್ಪು ಎಂದು ಅವರಿಗಾಗಲಿ ನಮಗಾಗಲಿ ಹೊಳೆಯಲೇ ಇಲ್ಲ. ಫೌಜಿಯನ್ನು ತೂಗಿದೆವು. ನನ್ನನ್ನು ತೂಗಿದರು. ನಮ್ಮ ಹಮಾಲನೊಬ್ಬ ಮೂರನೆಯವನಾಗಿ ಕೂತು, ಇಳಿದು, ದೋತರ ಝಾಡಿಸಿಕೊಂಡ. ಪ್ರತಿಯೊಬ್ಬನ ತೂಕದ ಜೋಳವನ್ನು ಬೇರೆ ಬೇರೆ ರಾಶಿ ಹಾಕಿ ಇಟ್ಟಿದ್ದೆವು. ಆಗ ಒಳಗಿನಿಂದ ಸಾವಕಾರರ ತಾಯಿ, ಬೆನ್ನು ಬಾಗಿದ ಹಿರಿಜೀವ, ಕೋಲು ಊರುತ್ತ ಬಂದರು. ಮೂರು ರಾಶಿ ನೋಡಿದರು. ಕೈಯೆತ್ತಿ ಮುಗಿದರು.

“ಛಲೋ ಮಾಡಿದೆಪಾ ನನ್ನ ಮಗನ. ಈ ಬರದ ಕಾಲದಾಗ ಮೂರು ಜೀವದ ತುಲಾಭಾರ! ಯಾವಾಗ ಕಳಸ್ತಿ ಮಠಕ್ಕ?”

“ತುಲಾಭಾರ ಅಲ್ಲಬೇ, ಇದು ಕುಸ್ತೀದು…”

“ಕುಸ್ತೀದರ ಇರಲಿ, ಮದವೀದರ ಇರಲಿ. ಮನಿಷ್ಯಾನ ಸರಿ ತೂಗಿದ ಕಾಳು ಹೊಳ್ಳಿ ಮನಿಯಾಗ ಬರಬಾರದು. ಬಂದ್ರ ಆ ಜೀವದ ಭಾರ ನಮಗ ಹತ್ತತೈತಿ.”

ಯುದ್ಧದ ಕಾಲ. ಸರಕಾರ ರೈತರ ಮನೆಯಿಂದ ಕಡ್ಡಾಯದ ಲೆವಿ ಕಾಳು ಅಳೆಯಿಸಿಕೊಳ್ಳುತ್ತಿದ್ದ ಕಾಲ. ಸಾವಕಾರರು ತಾಯಿಯನ್ನು ನೋಡಿದರು, ರಾಶಿಯನ್ನು ನೋಡಿದರು, ಸುತ್ತ ನಿಂತ ಇಡೀ ಸಂತೆಯನ್ನು ನೋಡಿದರು. ನನ್ನ ಕಡೆ ತಿರುಗಿ ಹಲ್ಲು ಕಚ್ಚಿ ಅಂದರು: “ನೀ ಒಬ್ಬ ತೆಳ್ಳಗ ಇದ್ದಿದ್ರ ಏನಾಕ್ಕಿತ್ತಲೇ?”

ಅಂದು ಊರು ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ. ಮೂರು ರಾಶಿಯನ್ನೂ ನಾನೇ ಹೊತ್ತು ಮಠಕ್ಕೆ ಮುಟ್ಟಿಸಿದೆ. ಕುಲುಮೆಯ ಮುಂದೆ ಹಾಯುವಾಗ ತಲೆ ಎತ್ತಲಿಲ್ಲ. ನಗೆ ನಿಲ್ಲಿಸು ಎಂದವರ ಮುಂದೆ ನಗೆಯ ಬಂಡಿಯನ್ನೇ ಹೊಡೆದುಕೊಂಡು ಹೊರಟಿದ್ದೆ. ಕೀಲಿ ಇನ್ನು ಆ ಗೋಡೆಯ ಮೇಲೆಯೇ ತುಕ್ಕು ಹಿಡಿಯುತ್ತದೆ ಎಂದು ಅಂದೇ ಆಸೆ ಕೈಬಿಟ್ಟಿದ್ದೆ.

ಆದರೆ ಕೆಲಸ ಬೇರೆ ಕಡೆಯಿಂದ ಶುರುವಾಯಿತು. ಆ ಜೋಳದ ನುಚ್ಚು ಮಠದಲ್ಲಿ ಎಷ್ಟೋ ದಿನ ಬೆಂದಿತು. ಕೂಲಿಯವರು, ಬಂಡಿಯವರು, ಎಲ್ಲಿಂದಲೋ ಬಂದ ಹಸಿದವರು ಉಂಡರು. ಒಂದು ಮುಂಜಾನೆ ಅದೇ ಬದನೆಕಾಯಿ ಮುದುಕಿ ಪೇಟೆಯ ನಡುವೆ ನನ್ನನ್ನು ತಡೆದಳು.

“ಏ ಬೀಗಾ, ನಿಂದರು. ನಿನ್ನ ತೂಕದ ನುಚ್ಚು ನಾನೂ ಉಂಡೀನಿ. ಕುಸ್ತಿ ಯಾವಾಗ?”

“ಯಾವ ಕುಸ್ತಿಬೇ? ಗರಡಿಗೆ ಬೀಗ ಬಿದ್ದೈತಿ.”

“ಹಂಗಂದ್ರ ಹೆಂಗ? ಸುಮ್ಮಸುಮ್ಮಕ ಉಂಡ್ವೇನು ನಾವು? ಈ ಸಲ ಕಿವಿಯಾಗ ಮಾತಾಡಿದಿ ಅಂದ್ರ ಬುಟ್ಟಿ ತೊಗೊಂಡು ತಲಿಗೆ ಹೊಡೀತೀನಿ, ನೋಡು.”

ಒಬ್ಬಳಲ್ಲ, ಹತ್ತಾರು ಮಂದಿ ಹೀಗೇ ಕೇಳತೊಡಗಿದರು. ಉಂಡವರಿಗೆಲ್ಲ ನಮ್ಮ ತೋಳಿನ ಮೇಲೆ ಹಕ್ಕು ಬಂದ ಹಾಗಾಗಿತ್ತು. ಗರಡಿಯ ಮಟ್ಟಿ ಇಲ್ಲದಿದ್ದರೇನಾಯಿತು ಎಂದು ಫೌಜಿ ಎರಡು ಬಂಡಿ ಕೆಂಪು ಮಣ್ಣು, ಹಳ್ಳದ ಮರಳು ತರಿಸಿ ಅಡತಿಯ ಅಂಗಳದಲ್ಲಿ ಹಾಸಿದ. ಸಾವಕಾರರು ಮಾತ್ರ ಉಗ್ರಾಣದ ಬಾಗಿಲಿಗೆ ಅಡ್ಡ ನಿಂತರು: “ಕಾಳು ಮುಟ್ಟಬ್ಯಾಡ್ರಿ. ಬೇಕಾದ್ರ ನಿಮ್ಮನ್ನ ನೀವ ತೂಗ್ಕೋರ್ರಿ.”

ಹಾಗೆಯೇ ಮಾಡಿದೆವು. ಒಂದು ತಟ್ಟೆಗೆ ಒಬ್ಬ, ಇನ್ನೊಂದಕ್ಕೆ ಇನ್ನೊಬ್ಬ. ಗುಂಡೂ ಬೇಡ, ಕಾಳೂ ಬೇಡ, ಲೆಕ್ಕವೂ ಬೇಡ. ಮುಳ್ಳು ನೆಟ್ಟಗೆ ನಿಂತರೆ ಜೋಡಿ. ಒಬ್ಬನ ತಟ್ಟೆ ನೆಲ ಮುಟ್ಟಿದರೆ, “ಎದ್ದೇಳಪಾ, ನಿನಗ ಎಮ್ಮಿ ತರಬೇಕು!” ಎಂದು ಮಂದಿಯೇ ಇಳಿಸುತ್ತಿದ್ದರು. ಮೂರು ಸಂತೆ ಕಳೆಯುವಷ್ಟರಲ್ಲಿ ನವಲಿಯ ಕಡೆಯ ಗದ್ದೆಯ ಆಳುಗಳೂ ಬಂದು ತಟ್ಟೆಗೆ ಕೂತರು. ಕುಸ್ತಿ ನಿಜವಾಗತೊಡಗಿತು. ಸರಿಜೋಡಿಯವನ ಮುಂದೆ ಸೋತರೆ ಮಾನ ಹೋಗುವುದಿಲ್ಲ ಎಂಬುದು ನಮಗೆಲ್ಲ ಮೆಲ್ಲಗೆ ತಿಳಿಯಿತು. ಸೋತವನು ಮುಂದಿನ ಸಂತೆಗೆ ಮತ್ತೆ ಬರುತ್ತಿದ್ದ.

ನಾನು ತೂಗುತ್ತಿದ್ದೆ, ಹಲಗಿ ಬಾರಿಸುತ್ತಿದ್ದೆ. ಮಣ್ಣಿಗೆ ಮಾತ್ರ ಇಳಿದಿರಲಿಲ್ಲ. ಹೆಗಲಿಗೆ ಮಣ್ಣು ಹಾಕಿಸಿಕೊಳ್ಳಲು ನನಗೆ ಮುಖ ಇರಲಿಲ್ಲ.

ನಾಲ್ಕನೆಯ ಸಂತೆಗೆ ತಳಕಲ್ಲಿನವನು ಬಂದ. ಯಾರನ್ನೂ ಮಾತಾಡಿಸದೆ, ತಲೆಯ ವಸ್ತ್ರ ತೆಗೆದು ಫೌಜಿಯ ಕೈಗೆ ಕೊಟ್ಟು, ತಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಒಬ್ಬರಾದ ಮೇಲೆ ಒಬ್ಬರು ಎದುರಿನ ತಟ್ಟೆಗೆ ಕೂತರು. ಯಾರಿಗೂ ಮುಳ್ಳು ನೆಟ್ಟಗಾಗಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

“ಅವತ್ತು ನೀ ನಮ್ಮ ಊರಿಗೆ ನಡಕೊಂತ ಬಂದಿದ್ದಿ” ಅಂದ. “ಇವತ್ತು ನಾ ಬಂದೀನಿ. ಕೂಡು.”

ಕೂತೆ. ತಕ್ಕಡಿ ಒಮ್ಮೆ ಆಚೆ, ಒಮ್ಮೆ ಈಚೆ ತೂಗಿತು. ನನಗೆ ಸಾವಿರ ಅಂಡಿಗೆ ತೂಗಿ ಗೊತ್ತು. ಒಳಗೊಳಗೇ ಮುಳ್ಳು ವಾಲಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂಬುದನ್ನೂ ಬರೆಯುತ್ತೇನೆ. ಮುಳ್ಳು ನೆಟ್ಟಗೆ ನಿಂತಿತು.

ಅವನ ಹೆಗಲಿಗೆ ಮಣ್ಣು ಹಾಕಿದೆ. ನನ್ನ ಹೆಗಲಿಗೆ ಅವನು ಹಾಕಿದ. ಅವನ ಕೈ ತಣ್ಣಗಿತ್ತು. ಅವನಿಗೂ ಹೆದರಿಕೆ ಇದೆ ಎಂದು ಆಗ ತಿಳಿಯಿತು. ಅದು ತಿಳಿದದ್ದೇ ನನ್ನ ಮೈ ಹಗುರಾಯಿತು. ಎಷ್ಟು ಹೊತ್ತು ಆಡಿದೆವೋ ಗೊತ್ತಿಲ್ಲ. ಒಮ್ಮೆ ಅವನನ್ನು ಮೊಣಕಾಲಿಗೆ ತಂದೆ. ಒಮ್ಮೆ ಅವನು ನನ್ನನ್ನು ಸೊಂಟ ಹಿಡಿದು ಎತ್ತಿದ. ನಾನು ಬೆಕ್ಕಿನ ಹಾಗೆ ಹೊರಳಿ ಹೊಟ್ಟೆಯ ಮೇಲೆ ಬಿದ್ದೆ. ನಡುವೆ ನನಗೆ ಒಂದು ವಿಚಿತ್ರ ಅನಿಸಿತು. ನಮ್ಮಿಬ್ಬರ ಉಸಿರು ಬಿಟ್ಟು ಬೇರೆ ಏನೂ ಕೇಳಿಸುತ್ತಿಲ್ಲ. ಕುಕನೂರಿನ ಸಂತೆಯಲ್ಲಿ, ಹಾಡುಹಗಲು, ಒಂದು ಕತ್ತೆ ಕೂಡ ಕೂಗುತ್ತಿಲ್ಲ. ಫೌಜಿ ಹೇಳಿದ್ದ ಆ ಸೂಜಿ ನೆನಪಾಯಿತು. ನೆನಪಾದ ಆ ಒಂದು ಕ್ಷಣಕ್ಕೇ ತಳಕಲ್ಲಿನವನು ನನ್ನ ಕಾಲು ಸೆಳೆದ. ಆಕಾಶ ಕಂಡಿತು. ಬೆನ್ನಿಗೆ ಮರಳು ಕೊರೆಯಿತು.

ಸೋತಿದ್ದೆ. ಸ್ವಚ್ಛವಾಗಿ, ಎಲ್ಲರ ಎದುರಿಗೆ. ಯಾರೂ ನಗಲಿಲ್ಲ. ಆಮೇಲೆ ಎದ್ದ ಕೂಗಿಗೆ ತಕ್ಕಡಿಯ ಸರಪಳಿ ಅಲ್ಲಾಡಿತು. ಬದನೆಕಾಯಿ ಮುದುಕಿ ಬುಟ್ಟಿ ಎತ್ತಿಕೊಂಡು ಓಡಿ ಬಂದದ್ದು ನೋಡಿ ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಎರಡು ಬದನೆಕಾಯಿ ನನ್ನ ಕೈಗೆ ತುರುಕಿದಳು. “ಬಿದ್ದಿ, ಆದ್ರ ಗಂಡಸಿನಂಗ ಬಿದ್ದಿ ತೊಗೋ.”

ಮಂದಿ ಸರಿದು ದಾರಿ ಬಿಟ್ಟರು. ಅಲ್ಲಿ ವಸ್ತಾದರು ನಿಂತಿದ್ದರು, ಯಾವಾಗ ಬಂದಿದ್ದರೋ. ಬಾಗಿ ಒಂದು ಹಿಡಿ ಮಣ್ಣು ಎತ್ತಿ ಮೂಸಿದರು. ನನ್ನ ಬೆನ್ನಿನ ಕಡೆ ಬಂದು ನೋಡಿದರು.

“ಇದೇನ ಮಟ್ಟಿಯೇನಲೇ? ಎಣ್ಣಿ ಇಲ್ಲ, ಮಜ್ಜಿಗಿ ಇಲ್ಲ. ಬೆನ್ನ ತೊಗಲು ಸುಲದೈತಿ.” ಒಂದೂವರೆ ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು. ಕೀಲಿ ಕೇಳಬೇಕು ಎಂಬುದು ಕೂಡ ಮರೆತು ನಿಂತಿದ್ದೆ. ಅವರೇ ಅಂದರು: “ನಾಳೆ ಬೆಳಕು ಹರಿಯೂದ್ರಾಗ ಬಾ. ಒಳಗಿನ ಮಣ್ಣು ಒಣಗಿ ಕಲ್ಲಾಗೇತಿ, ಕಡೀಬೇಕು. ತಳಕಲ್ಲಿನವನ್ನೂ ಕರಕೊಂಡು ಬಾ. ಅವನ ಕಾಲು ಛಲೋ ಅದಾವು, ಕೈ ಇನ್ನೂ ಎತ್ತು ಕಟ್ಟಾವನ ಕೈ.”

ಆ ರಾತ್ರಿ ತಳಕಲ್ಲಿನವನು ನಮ್ಮ ಮನೆಯಲ್ಲೇ ಉಂಡು ಮಲಗಿದ. ಅವ್ವ ಅವನಿಗೆ ಆ ಬದನೆಕಾಯಿಯದೇ ಎಣ್ಣೆಗಾಯಿ ಮಾಡಿ ಹಾಕಿದಳು. ಮುಂಜಾನೆ ಒಂದು ಗಡಿಗೆ ಮಜ್ಜಿಗೆ ಹೊರಿಸಿದಳು. ಬಾನಿನಲ್ಲಿ ಬೆಳ್ಳಿ ಚಿಕ್ಕಿ ಇನ್ನೂ ಇತ್ತು. ನಾನೇ ಮೊದಲು ಹೋಗಿ, ಆ ಗಟ್ಟಿ ಮಣ್ಣಿಗೆ ಮೊದಲ ಪೆಟ್ಟು ನಾನೇ ಹಾಕಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ನಾನು ಮುಚ್ಚಿಸಿದ್ದು, ನಾನೇ ಕಡಿಯಬೇಕಲ್ಲ.

ಗರಡಿಯ ಬಾಗಿಲು ತೆರೆದಿತ್ತು. ಹನುಮಪ್ಪ ದೇವರ ಮುಂದೆ ದೀಪ. ಒಳಗೆ ಹಮಾಲರು, ಬಂಡಿಯವರು, ಚದುರಿಹೋಗಿದ್ದ ಹಳೆಯ ಆಳುಗಳು, ನನಗೆ ಗುರುತೇ ಇಲ್ಲದ ನಾಲ್ಕಾರು ಮಂದಿ. ಮಣ್ಣು ಆಗಲೇ ಅರ್ಧ ಕಡಿದಾಗಿತ್ತು. ಇದ್ದ ಎರಡು ಗುದ್ದಲಿಗೆ ಹತ್ತು ಕೈ. ಒಬ್ಬನ ಹತ್ತಿರ ಕೇಳಿದೆ, ಕೊಡಲಿಲ್ಲ. ಇನ್ನೊಬ್ಬ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ವಸ್ತಾದರು ಮಜ್ಜಿಗೆಯ ಗಡಿಗೆಯನ್ನು ನನ್ನ ಕೈಯಿಂದ ಇಸಿದುಕೊಂಡರು.

“ನಿಂದರು. ನಿನ್ನ ಪಾಳಿ ಬರ್ತೈತಿ.”

ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸುಲಿದ ಬೆನ್ನು ಉರಿಯುತ್ತಿತ್ತು. ನನ್ನ ಪಾಳಿ ಬರುವಷ್ಟರಲ್ಲಿ ಬಿಸಿಲು ಬಾಗಿಲ ಒಳಗೆ ಬಂದಿತ್ತು.